ವೈರಲ್ ಲೋಡ್ ಇಳಿದರೂ ಸಿಡಿ4 ಏರದಿದ್ದರೆ ಏನು ಮಾಡಬೇಕು?

ಎಚ್‌ಐವಿ ಮಾತ್ರೆ ಎರಡು ವರ್ಷ ತಪ್ಪಿಲ್ಲ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ರಿಪೋರ್ಟಿನಲ್ಲಿ ವೈರಸ್ ಕಾಣುತ್ತಿಲ್ಲ, ಸಿಡಿ4 (ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳ ಲೆಕ್ಕ) ಮಾತ್ರ 200 ದಾಟುತ್ತಿಲ್ಲ. ದಯವಿಟ್ಟು ಮಾತ್ರೆ ಬಿಡಬೇಡಿ. ಮಾತ್ರೆ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ವೈರಲ್ ಲೋಡೇ ಸಾಕ್ಷಿ.

ಮೊದಲು ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರ ಕೊಟ್ಟ ಗ್ರೀನ್ ಬುಕ್, ಅಂದರೆ ನಿಮ್ಮ ಚಿಕಿತ್ಸೆಯ ಪುಸ್ತಕ, ತೆಗೆದು ಹಳೆಯ ಸಿಡಿ4 ಅಂಕಿಗಳನ್ನೆಲ್ಲ ಸಾಲಾಗಿ ಬರೆಯಿರಿ. ಸಿಡಿ4 50 ಇದ್ದಾಗ ಚಿಕಿತ್ಸೆ ಶುರುವಾದವರಿಗೆ ಈಗ 190 ಬಂದಿದ್ದರೆ ಅದೂ ಏರಿಕೆಯೇ. ಬೆಳಿಗ್ಗೆ ಸಿಡಿ4 ಕಡಿಮೆ, ಸಂಜೆ ಹೆಚ್ಚು, ಜ್ವರವಿದ್ದಾಗ ಇಳಿಯುತ್ತದೆ. ಹಾಗಾಗಿ ಪ್ರತಿ ಸಲ ಒಂದೇ ಹೊತ್ತಿಗೆ, ಒಂದೇ ಲ್ಯಾಬಿನಲ್ಲಿ ರಕ್ತ ಕೊಡಿ.

ನಂತರ ಎಆರ್‌ಟಿ ಕೇಂದ್ರದ ವೈದ್ಯರೊಂದಿಗೆ ಅಡ್ಡಿಗಳನ್ನು ಹುಡುಕಿ. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಇವುಗಳಲ್ಲಿ ಒಂದಿದ್ದರೂ ಟಿಬಿ ಪರೀಕ್ಷೆ ಆಗಲೇಬೇಕು. ಹೆಪಟೈಟಿಸ್ ಬಿ, ಸಿ ಕೂಡ ನೋಡಿಸಿ. ಜಿಡೋವುಡಿನ್ (ಒಂದು ಎಚ್‌ಐವಿ ಔಷಧಿ), ಲಿನೆಜೋಲಿಡ್ (ಒಂದು ಆಂಟಿಬಯೋಟಿಕ್), ಸ್ಟೀರಾಯ್ಡ್ ನಡೆಯುತ್ತಿದ್ದರೆ ತಪ್ಪದೆ ಹೇಳಿ.

ಇವೆಲ್ಲ ಸರಿಯಿದ್ದೂ ಏರದಿರಲು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಒಂದು ಕಾರಣವಿರಬಹುದು. ಒಂದು ಸಿಡಿ4 ಕೋಶ ಎರಡಾಗಲು ಬಹಳ ಶಕ್ತಿ ಬೇಕು, ಆ ಶಕ್ತಿ ಹುಟ್ಟುವುದು ಅಲ್ಲೇ. ಸಿಡಿ4 ಏರದವರಲ್ಲಿ, ವಿಭಜನೆಗೆ ಹೊರಟ ಕೋಶಗಳ ಮೈಟೊಕಾಂಡ್ರಿಯಾ ದುರ್ಬಲವಾಗಿರುವುದು ಅಧ್ಯಯನಗಳಲ್ಲಿ ಕಂಡಿದೆ. ಹಿಂದೆ ಕೊಡುತ್ತಿದ್ದ ಎಚ್‌ಐವಿ ಮಾತ್ರೆ ಸ್ಟಾವುಡಿನ್ ಮೈಟೊಕಾಂಡ್ರಿಯಾದ ಡಿಎನ್‌ಎ ನಕಲಾಗುವುದನ್ನೇ ತಡೆಯುತ್ತಿತ್ತು. ಕೆನ್ನೆ ಬತ್ತಿದ್ದು, ಅಂಗಾಲು ಉರಿದದ್ದು ಅದರಿಂದಲೇ. ಈಗಿನ ಟಿಎಲ್‌ಡಿಯಲ್ಲಿ (ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ) ಆ ತೊಂದರೆ ತೀರಾ ಕಡಿಮೆ.

ಸಿಡಿ4 ಏರದಿರುವುದನ್ನು ಸರಿಪಡಿಸುವ ಔಷಧಿ ಇನ್ನೂ ಬಂದಿಲ್ಲ. ಇಂಟರ್‌ಲ್ಯೂಕಿನ್-2 (ರೋಗನಿರೋಧಕ ಕೋಶಗಳನ್ನು ಬೆಳೆಸುವ ಪ್ರೋಟೀನ್) ಇಂಜೆಕ್ಷನ್ ಸಿಡಿ4 ಏರಿಸಿತು, ಆದರೆ ಕಾಯಿಲೆಯನ್ನಾಗಲಿ ಸಾವನ್ನಾಗಲಿ ಕಡಿಮೆ ಮಾಡಲಿಲ್ಲ ಎಂದು 2009ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಸಿಡಿ4 ಹೆಚ್ಚಿಸುತ್ತೇವೆಂದು ಮಾರುವ ಪೌಡರಿಗೆ ಕೂಲಿ ದುಡ್ಡು ಸುರಿಯಬೇಡಿ.

ಮಾತ್ರೆಯ ಬಲ ಕೆಡದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅಸಿಡಿಟಿ ಸಿರಪ್ ಬೇಕಾದರೆ ಟಿಎಲ್‌ಡಿ ನುಂಗಿ 2 ತಾಸು ಬಿಟ್ಟು ಕುಡಿಯಿರಿ. ಸಿರಪ್ ಮೊದಲು ಕುಡಿದಿದ್ದರೆ ಮಾತ್ರೆಗೆ 6 ತಾಸು ಕಾಯಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಊಟದ ಜೊತೆಯಾದರೆ ಟಿಎಲ್‌ಡಿಯೊಂದಿಗೇ ತೆಗೆದುಕೊಳ್ಳಬಹುದು, ಖಾಲಿ ಹೊಟ್ಟೆಯಲ್ಲಿ ಬೇಡ. ಟಿಬಿಗೆ ರಿಫಾಂಪಿಸಿನ್ ಮಾತ್ರೆ ಶುರುವಾದರೆ ಟಿಎಲ್‌ಡಿ ನುಂಗಿದ 12 ತಾಸಿನ ನಂತರ ಡೊಲುಟೆಗ್ರಾವಿರ್ 50 ಮಿಗ್ರಾಂ ಇನ್ನೊಂದು ಬೇಕು. ಸೋಂಕು ತಡೆಯಲು ಕೊಡುವ ಕೋಟ್ರಿಮಾಕ್ಸಜೋಲ್ ಮಾತ್ರೆಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿ.

ರಾಯಚೂರು, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಮೊದಲೇ ಕೇಂದ್ರಕ್ಕೆ ತಿಳಿಸಿ ಹೆಚ್ಚು ತಿಂಗಳ ಮಾತ್ರೆ ಕೇಳಿ. ತಗಡಿನ ಶೆಡ್ಡಿನ ಬಿಸಿಲಲ್ಲಿ ಡಬ್ಬಿ ಇಡಬೇಡಿ. ಬಿಡದ ತಲೆನೋವು, ಏದುಸಿರು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗ್ರೀನ್ ಬುಕ್ ತೋರಿಸಿ.