ಹಳೇ ಸ್ಪೋರ್ಟ್ಸ್ ಕಾರಿನ ನಕಲು ಎಷ್ಟು ಬೆಲೆ ಬಾಳುತ್ತದೆ?

ಪೋರ್ಷೆ 356 ಸ್ಪೀಡ್‌ಸ್ಟರ್, ಎಸಿ ಕೋಬ್ರಾ, ಲೋಟಸ್ ಸೆವೆನ್. ನಕಲು ಕಾರು ಕಟ್ಟುವವರು ಹೆಚ್ಚಾಗಿ ಕೈಹಾಕುವುದು ಇಂಥ ಮಾದರಿಗಳಿಗೆ. ಮಾರುವವರು ಬೆಲೆ ಹೇಳುವಾಗ ಅಸಲಿ ಕಾರಿನ ಹೆಸರನ್ನೇ ಮುಂದಿಡುತ್ತಾರೆ. ಆ ಹೆಸರನ್ನು ಪೂರ್ತಿ ಬದಿಗಿಟ್ಟು ಲೆಕ್ಕ ಹಾಕಿ. ನಕಲಿನ ಬೆಲೆ ನಿಲ್ಲುವುದು ಕಾಗದಪತ್ರ, ಚಾಸಿ (ಗಾಡಿಯ ಭಾರ ಹೊರುವ ಅಡಿಗಟ್ಟು), ಕೂಲಿ ಈ ಮೂರರ ಮೇಲೆ, ಅದೂ ಇದೇ ಕ್ರಮದಲ್ಲಿ.

ಮೊದಲು ಆರ್‌ಸಿ ಕೈಗೆ ತೆಗೆದುಕೊಳ್ಳಿ. ನಮ್ಮಲ್ಲಿ ಇಂಥ ಕಾರು ಬಹುಮಟ್ಟಿಗೆ ಮಾರುತಿ 800, ಜಿಪ್ಸಿಯಂಥ ಹಳೆ ಗಾಡಿಯ ಮೇಲೆ ಕಟ್ಟಿದ್ದು. ಆರ್‌ಸಿಯಲ್ಲಿರುವ ಬಾಡಿ ನಮೂನೆ, ಸೀಟಿನ ಸಂಖ್ಯೆ, ವೀಲ್‌ಬೇಸ್, ತೂಕ ನಿಮ್ಮೆದುರು ನಿಂತ ಕಾರಿಗೆ ತಾಳೆಯಾಗಬೇಕು. ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ. 800ರ ವೀಲ್‌ಬೇಸ್ 2175 ಎಂಎಂ, ಪೋರ್ಷೆ 356ರದ್ದು 2100. ಅಳತೆ 2100ರ ಹತ್ತಿರ ಬಂದರೆ ಗಾಡಿಯನ್ನು ಕತ್ತರಿಸಿದ್ದಾರೆ ಎಂದೇ ತಿಳಿಯಿರಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ‘ವಿಂಟೇಜ್ ನಂಬರ್ ಮಾಡಿಸಿಕೊಳ್ಳಿ’ ಎಂಬ ಮಾತಿಗೆ ಮರುಳಾಗಬೇಡಿ. 2021ರ ನಿಯಮದಲ್ಲಿ ಆ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಗಾಡಿಗೆ.

ಚಾಸಿ ನಂಬರನ್ನು ಟಾರ್ಚ್ ಬಿಟ್ಟು ನೋಡಿ. 800ಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಚಾಸಿ, ನಂಬರು ಎಂಜಿನ್ ಕೋಣೆಯ ಹಿಂಗೋಡೆಯ ತಗಡಿನ ಮೇಲೆ ಒತ್ತಿರುತ್ತದೆ. ಬಾಡಿ ತೆಗೆದು ಚೌಕ ಪೈಪಿನ ಫ್ರೇಮ್ ಕಟ್ಟಿದವರು ಆ ನಂಬರಿನ ತುಂಡನ್ನಷ್ಟೇ ಕತ್ತರಿಸಿ ಹೊಸ ಫ್ರೇಮಿಗೆ ವೆಲ್ಡ್ ಮಾಡಿರುತ್ತಾರೆ. ನಂಬರಿನ ಸುತ್ತ ವೆಲ್ಡಿಂಗ್ ಗೆರೆಯೋ ಉಜ್ಜಿ ಬಣ್ಣ ಬಳಿದ ಗುರುತೋ ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಅಂಥ ಗಾಡಿ ರಸ್ತೆಗಿಳಿದರೆ ಜಪ್ತಿಯಾಗಬಹುದು, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು. ಜಿಪ್ಸಿಗೆ ಬೇರೆ ಫ್ರೇಮ್ ಇರುವುದರಿಂದ ಅದನ್ನು ಕತ್ತರಿಸದೆಯೇ ಮೇಲಿನ ಬಾಡಿ ಬದಲಿಸಬಹುದು, ನಂಬರು ತನ್ನ ಜಾಗದಲ್ಲೇ ಉಳಿಯುತ್ತದೆ. ಆದರೂ ಬಾಡಿ ನಮೂನೆ ಆರ್‌ಸಿಗೆ ಹೊಂದದಿದ್ದರೆ ಅದೇ ತಕರಾರು. ತಯಾರಕರೇ ಟೈಪ್ ಅಪ್ರೂವಲ್ (ಆ ಮಾದರಿಗೆ ಸರ್ಕಾರಿ ಮಾನ್ಯತೆ) ಪಡೆದು ಮಾರಿದ ಕಾರಿಗೆ ಮಾತ್ರ ಈ ಚಿಂತೆಯಿಲ್ಲ. ಅದಕ್ಕೆ ಹೆಚ್ಚು ಹಣ ಕೇಳಿದರೆ ಕೊಡುವುದು ನ್ಯಾಯ.

ಇನ್ನು ಕಾರಿನಡಿಗೆ ಹೋಗಿ. ಕರಾವಳಿಯಲ್ಲಿ ಚೌಕ ಪೈಪಿಗೆ ತುಕ್ಕು ಹಿಡಿಯುವುದು ಒಳಗಿನಿಂದ. ಬಾಯಿ ಮುಚ್ಚದ ಪೈಪ್ ತುದಿ, ಸೀಲ್ ಮಾಡದ ಡ್ರಿಲ್ ತೂತುಗಳಲ್ಲಿ ಉಪ್ಪುಗಾಳಿ, ಮಳೆನೀರು ಹೊಕ್ಕು ಅಲ್ಲೇ ಕೂರುತ್ತದೆ. ಹೊರಗೆ ಬಣ್ಣ ಫಳಫಳ ಅನ್ನುತ್ತಿರುತ್ತದೆ. ಸಣ್ಣ ಸುತ್ತಿಗೆಯಿಂದ ಪೈಪಿನ ತಳಭಾಗವನ್ನು ಉದ್ದಕ್ಕೂ ತಟ್ಟುತ್ತ ಹೋಗಿ. ಕಣಕಣ ಸದ್ದು ಒಂದೆಡೆ ಮಂಕಾದರೆ ಆ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ.

800ರ ಎಂಜಿನ್-ಗೇರ್‌ಬಾಕ್ಸನ್ನು ಹಿಂದಕ್ಕೆ ಒಯ್ದು ಕೂರಿಸಿದ್ದರೆ ಹಿಂಬದಿಯ ಹಬ್‌ಗಳನ್ನು (ಚಕ್ರ ಕೂರುವ ಭಾಗ) ತಪ್ಪದೆ ನೋಡಿ. ಅವು ಮೂಲತಃ ಮುಂದಿನ ಚಕ್ರದವು, ಸ್ಟಿಯರಿಂಗಿಗೆ ತಿರುಗುವ ಹಬ್‌ಗಳು. ಟೈ ರಾಡ್ (ಸ್ಟಿಯರಿಂಗಿನಿಂದ ಚಕ್ರ ತಿರುಗಿಸುವ ಸರಳು) ಕೂರುವ ತೋಳನ್ನು ಗಟ್ಟಿ ಲಿಂಕ್ ಹಾಕಿ ಫ್ರೇಮಿಗೆ ಬಿಗಿದಿರಬೇಕು. ಲಿಂಕಿನ ಬ್ರಾಕೆಟ್ ತೆಳು ತಗಡಿನದಾದರೆ ತಿರುವಿನಲ್ಲಿ ಹಿಂದಿನ ಚಕ್ರ ತಾನೇ ತಿರುಗುತ್ತದೆ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟದಂಥ ದಾರಿಯಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಚಕ್ರ ಎತ್ತಿ, ಎಡಬಲ ಹಿಡಿದು ಅಲುಗಾಡಿಸಿ. ಚೂರೂ ಆಡಬಾರದು.

ಫೈಬರ್ ಬಾಡಿ ನೋಡಲು ಕಾರು ಗ್ಯಾರೇಜಿನವರಿಗಿಂತ ಕಾರವಾರದ ಬೈತಖೋಲ ಬಂದರಿನ ಕಡೆ ಫೈಬರ್ ದೋಣಿ ದುರಸ್ತಿ ಮಾಡುವವರೇ ಮೇಲು. ಚಕ್ರದ ಕಮಾನಿನ ಒಳಮೈಗೆ ಸಾಮಾನ್ಯವಾಗಿ ಪುಟ್ಟಿ, ಪಾಲಿಶ್ ಇರುವುದಿಲ್ಲ, ನಿಜವಾದ ಕೆಲಸ ಅಲ್ಲಿ ಕಾಣುತ್ತದೆ. ಮ್ಯಾಟಿನ (ಗಾಜಿನ ಎಳೆಯ ಹಾಸು) ಎಳೆಗಳು ಬೆಳ್ಳಗೆ, ಒಣಗಿದಂತೆ ಕಂಡರೆ ಅದನ್ನು ಗಟ್ಟಿಯಾಗಿಸುವ ಅಂಟು, ಅಂದರೆ ರೆಸಿನ್, ಸಾಲದೆ ಹೋಗಿದೆ. ಬಾಗಿಲಿನ ಹಿಂಜ್ ಸುತ್ತ ನಕ್ಷತ್ರದಂತೆ ಬಿರುಕು ಬಿಟ್ಟಿದ್ದರೆ ಬೋಲ್ಟಿನ ಹಿಂದೆ ಲೋಹದ ಪಟ್ಟಿ ಕೊಟ್ಟಿಲ್ಲ, ಭಾರವೆಲ್ಲ ಫೈಬರ್ ಮೇಲೇ ಬಿದ್ದಿದೆ. ಎಲ್ಲ ಲೈಟನ್ನೂ ಒಟ್ಟಿಗೆ ಹಾಕಿ ನೋಡಿ. ಫೈಬರಿನಲ್ಲಿ ಕರೆಂಟ್ ಹರಿಯದ ಕಾರಣ ಪ್ರತಿ ದೀಪಕ್ಕೂ ಬೇರೆ ಅರ್ಥ್ ವಯರ್ ಬೇಕು. ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪ ಮಿಣುಕಿದರೆ ಅರ್ಥ್ ಕೆಟ್ಟಿದೆ.

ಈಗ ಬೆಲೆ. ಬಾಡಿಯ ಹರವು 15 ಚದರ ಮೀಟರ್ ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಸುಮಾರು 1 ಎಂಎಂ ದಪ್ಪ ಬರುತ್ತದೆ. ನಾಲ್ಕು ಪದರಕ್ಕೆ ಮ್ಯಾಟ್ 27 ಕೆಜಿ, ಅದರ ಎರಡೂವರೆ ಪಟ್ಟು ರೆಸಿನ್ ಅಂದರೆ 67 ಕೆಜಿ ಚಿಲ್ಲರೆ. ದೋಣಿ ಸಾಮಾನಿನ ಅಂಗಡಿಯಲ್ಲಿ ಇವತ್ತಿನ ದರ ಕೇಳಿ ಗುಣಿಸಿದರೆ ಬಾಡಿಯ ಸಾಮಾನಿಗೆ ಬಿದ್ದ ಖರ್ಚು ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ. ಮಾರುವವರು ಲಕ್ಷಗಟ್ಟಲೆ ಕೇಳುವುದು ಕೂಲಿಗೆ. ಮೋಲ್ಡ್ (ಅಚ್ಚು) ಇಲ್ಲದೆ ಕೈಯಲ್ಲೇ ರೂಪ ತೆಗೆದಿದ್ದರೆ ನೂರಾರು ತಾಸಿನ ದುಡಿಮೆ ಇರುವುದು ನಿಜ. ಅದಕ್ಕೆ ಗೌರವವೂ ಸಲ್ಲಬೇಕು, ಹಣವೂ ಸಲ್ಲಬೇಕು. ಆದರೆ ಕೆಲಸದ ಹಂತಹಂತದ ಫೋಟೋ, ಬಿಡಿಭಾಗದ ಬಿಲ್ಲು ತೋರಿಸಲಿ. ಮೂಲ ಗಾಡಿಯ ಇವತ್ತಿನ ಬೆಲೆ, ಬಿಲ್ಲಿದ್ದ ಹೊಸ ಸಾಮಾನಿನ ಅರ್ಧ, ತೋರಿಸಿದ ಕೆಲಸಕ್ಕೆ ಸ್ಥಳೀಯ ದರದ ಕೂಲಿ ಇವನ್ನು ಕೂಡಿಸಿ. ನಮ್ಮ ಪ್ರಕಾರ ಅದರ ಮೇಲೆ ಒಂದು ರೂಪಾಯಿಯೂ ಬೇಡ. ಆರ್‌ಸಿ ಹೊಂದದ ಗಾಡಿಯಾದರೆ ಕೂಲಿಯನ್ನೂ ಬಿಡಿ. ಅದು ಸ್ವಂತ ಕಂಪೌಂಡಿನೊಳಗೆ ಓಡಿಸುವ ವಸ್ತು, ಬಿಚ್ಚಿ ಮಾರಿದರೆ ಎಷ್ಟು ಬರುತ್ತದೋ ಅಷ್ಟೇ ಅದರ ಬೆಲೆ.

ಗೋವಾ ನಂಬರಿನ ಗಾಡಿಯಾದರೆ ಅಲ್ಲಿನ ಆರ್‌ಟಿಓದಿಂದ ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮಾರುವವರೇ ತರಲಿ, ಮುಂಗಡ ಅದರ ನಂತರ. ಕಾರವಾರದಲ್ಲಿ ಕೆಎ-30 ನಂಬರ್ ಪಡೆಯುವಾಗ ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕು. ಆ ಮೊತ್ತವನ್ನು ಮೊದಲೇ ವಿಚಾರಿಸಿ, ಅವರು ಕೇಳಿದ ಬೆಲೆಯಿಂದ ಕಳೆಯಿರಿ.