ಪ್ರೀಮಿಯಂ ಬಾಂಡ್ ಮತ್ತು ಅಟ್ಟದ ಮೇಲಿನ ಟಿವಿ ಡಬ್ಬ

ಇಂಗ್ಲೆಂಡಿಗೆ ಹೊಸದಾಗಿ ಬಂದವರು ಯುಗಾದಿ ಊಟಕ್ಕೋ ರಾಜ್ಯೋತ್ಸವಕ್ಕೋ ಸಿಕ್ಕಾಗ ಮೊದಲು ಕೇಳುವುದು ಬಾಡಿಗೆ ಮನೆ ವಿಚಾರ. ಆಮೇಲೆ ಒಳ್ಳೆ ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅಂತ. ಆರು ತಿಂಗಳು ಕಳೆದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಉಳಿದ ಮೇಲೆ, ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಕೇಳುತ್ತಾರೆ: "ಸರ್, ಈ ಪ್ರೀಮಿಯಂ ಬಾಂಡ್ ಅಂತಾರಲ್ಲ, ಹಾಕ್ಬೋದಾ?"

ಹಾಕಬಹುದು. ಆದರೆ ನಾನು ಹಾಕಿದ ಹಾಗೆ ಹಾಕಬೇಡಿ.

ಇದು ಬಡ್ಡಿ ಕೊಡದ ಸರ್ಕಾರಿ ಉಳಿತಾಯ. ಎಲ್ಲರ ದುಡ್ಡಿಗೂ ಬರಬೇಕಾದ ಬಡ್ಡಿಯನ್ನು ಒಂದೇ ಕಡೆ ಗುಡ್ಡೆ ಹಾಕಿ, ತಿಂಗಳಿಗೊಮ್ಮೆ ಡ್ರಾ ಮಾಡಿ ಬಹುಮಾನವಾಗಿ ಹಂಚುತ್ತಾರೆ. ಒಂದು ಪೌಂಡಿಗೆ ಒಂದು ನಂಬರು. ಕನಿಷ್ಠ 25 ಪೌಂಡ್, ಒಬ್ಬರ ಹೆಸರಲ್ಲಿ ಹೆಚ್ಚೆಂದರೆ 50,000. ಬಹುಮಾನ 25 ಪೌಂಡಿನಿಂದ ಹತ್ತು ಲಕ್ಷ ಪೌಂಡಿನವರೆಗೆ, ಇಲ್ಲಿ ಅದಕ್ಕೆ ತೆರಿಗೆ ಇಲ್ಲ. ಅಸಲಿಗೆ ಬ್ರಿಟಿಷ್ ಖಜಾನೆಯ ಗ್ಯಾರಂಟಿ. 1956ರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಹೆರಾಲ್ಡ್ ಮ್ಯಾಕ್‌ಮಿಲನ್ ಇದನ್ನು ತಂದಾಗ ವಿರೋಧ ಪಕ್ಷದ ಹೆರಾಲ್ಡ್ ವಿಲ್ಸನ್ ಹೊಲಸು ಲಾಟರಿ ಎಂದು ಜರೆದಿದ್ದರು. ಆಮೇಲೆ ಅವರೇ ಪ್ರಧಾನಿಯಾದರು, ಲಾಟರಿ ಹಾಗೇ ನಡೆಯಿತು. ನಂಬರು ಎತ್ತುವ ಯಂತ್ರಕ್ಕೆ ಎರ್ನಿ ಅಂತ ಹೆಸರು. ಮೊದಲನೆಯ ಎರ್ನಿಯನ್ನು ಕಟ್ಟಿದ್ದು ಯುದ್ಧಕಾಲದಲ್ಲಿ ಗುಪ್ತಲಿಪಿ ಒಡೆಯುವ ಕೊಲೋಸಸ್ ಯಂತ್ರ ಮಾಡಿದ್ದ ಅಂಚೆ ಇಲಾಖೆಯ ಇಂಜಿನಿಯರುಗಳು.

ನಾನು ಬಂದದ್ದು 2011ರ ಜನವರಿ. ಆಫೀಸಿನ ಟೀ ಹೊತ್ತಿನಲ್ಲಿ ಒಬ್ಬಾಕೆ "ಈ ತಿಂಗಳು 50 ಪೌಂಡ್ ಬಂತು" ಎಂದು ಕುಣಿದದ್ದು ನೋಡಿ ನನ್ನ ಕಿವಿ ನೆಟ್ಟಗಾಯಿತು. ಅಸಲು ಎಲ್ಲೂ ಹೋಗಲ್ಲ, ಬಂದರೆ ಬಹುಮಾನ, ಇಲ್ಲದಿದ್ದರೆ ನಷ್ಟವೇನಿಲ್ಲ. ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಲಾಟರಿಯನ್ನೇ ನಿಷೇಧ ಮಾಡಿದ ಮೇಲೆ ಇಲ್ಲಿ ಸರ್ಕಾರವೇ ಗೌರವದಿಂದ ಲಾಟರಿ ಆಡಿಸುತ್ತಿದೆ, ಬಿಡುವುದುಂಟೇ? ಎರಡು ವರ್ಷದಲ್ಲಿ 12,000 ಪೌಂಡ್ ತುಂಬಿದೆ.

ಅಲ್ಲಿ ನನ್ನನ್ನು ಕೆಡಿಸಿದ್ದು ಅಮ್ಮನ ಚೀಟಿ. ತಿಪಟೂರಿನಲ್ಲಿ ಅಮ್ಮ ಇಪ್ಪತ್ತು ಜನರ ಚೀಟಿ ನಡೆಸುತ್ತಿದ್ದಳು. ಮೊದಲ ತಿಂಗಳು ಬರದಿದ್ದರೆ ಐದನೆಯದು, ಐದರಲ್ಲಿ ಬರದಿದ್ದರೆ ಹದಿನೆಂಟು. ಕಟ್ಟಿದವರಿಗೆ ಒಂದಲ್ಲ ಒಂದು ತಿಂಗಳು ಬಂದೇ ಬರಬೇಕು. ಆ ಲೆಕ್ಕ ನನ್ನ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ನಾಲ್ಕು ತಿಂಗಳು ಏನೂ ಬಾರದೆ ಹೋದರೆ "ಇನ್ನೇನು ನನ್ನ ಸರದಿ" ಎಂದು ಇನ್ನೂ ಐನೂರು ಹಾಕುತ್ತಿದ್ದೆ. ಎರ್ನಿಗೆ ಸರದಿ ಗೊತ್ತಿಲ್ಲ ಕಣ್ರೀ. ಕಳೆದ ತಿಂಗಳು ನೀವು ಸೋತದ್ದು ಅದಕ್ಕೆ ನೆನಪಿಲ್ಲ. ಒಂದು ನಂಬರು ಪ್ರತಿ ತಿಂಗಳೂ ಹೊಸದಾಗಿ ಹುಟ್ಟಿದ ಹಾಗೆ. ಇಂಜಿನಿಯರಿಂಗ್ ಓದಿದವನಿಗೆ ಇದು ತಿಳಿಯಲು ಮೂರು ವರ್ಷ ಬೇಕಾಯಿತು.

ನಾನು ಬಂದ ಹೊಸದರಲ್ಲಿ ಬಹುಮಾನದ ದರ ವರ್ಷಕ್ಕೆ ನೂರಕ್ಕೆ ಒಂದೂವರೆ. ವರ್ಷಕ್ಕೆ ಐದಾರು ಸಲ 25 ಪೌಂಡ್ ಬರುತ್ತಿತ್ತು, ಪ್ರತಿ ಸಲವೂ ಹೆಂಡತಿಗೆ ಫೋನ್ ಮಾಡಿ ಹೇಳುತ್ತಿದ್ದೆ. ಅದೇ 2011ರ ಸೆಪ್ಟೆಂಬರಿನಲ್ಲಿ ಇಲ್ಲಿನ ಬೆಲೆ ಏರಿಕೆ ನೂರಕ್ಕೆ 5.2 ಇತ್ತು. ಅಂದರೆ ನಾನು ಕುಣಿಯುತ್ತಿದ್ದಾಗಲೇ ದುಡ್ಡು ಕರಗುತ್ತಿತ್ತು. "ಅಸಲು ಎಲ್ಲೂ ಹೋಗಲ್ಲ" ಅನ್ನುವ ಮಾತಿನೊಳಗಿರುವ ತೂತು ಇದೇ.

ಇತ್ತೀಚಿನ ಲೆಕ್ಕ ಹೇಳುತ್ತೇನೆ. 2025ರ ಆಗಸ್ಟ್ ಡ್ರಾದಿಂದ ದರ ನೂರಕ್ಕೆ 3.6 ಆಗಿತ್ತು, ಪ್ರತಿ ನಂಬರಿಗೂ ತಿಂಗಳಿಗೆ 22,000ದಲ್ಲಿ ಒಂದು ಅವಕಾಶ ಇತ್ತು. ಇದು ಏರಿಳಿಯುತ್ತಿರುತ್ತದೆ, 2020ರ ಡಿಸೆಂಬರಿನಲ್ಲಿ ಒಂದಕ್ಕೇ ಇಳಿಸಿದ್ದರು. ಹಾಗಾಗಿ ಕೊಳ್ಳುವ ದಿನ ನೀವೇ ನೋಡಿಕೊಳ್ಳಿ. 3.6 ಎಂದರೆ ನಿಮಗೆ 3.6 ಸಿಗುತ್ತದೆ ಅಂತಲ್ಲ. ಸಾವಿರ ಪೌಂಡ್ ಇಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇಡೀ ವರ್ಷದಲ್ಲಿ ಒಂದು ಬಹುಮಾನವೂ ಬರುವುದಿಲ್ಲ. ಡ್ರಾದಲ್ಲಿರುವ ನಂಬರುಗಳು ಸುಮಾರು 13,000 ಕೋಟಿ, ಹತ್ತು ಲಕ್ಷದ ಬಹುಮಾನ ತಿಂಗಳಿಗೆ ಎರಡೇ. ಪೂರ್ತಿ 50,000 ಇಟ್ಟವರಿಗೆ ವರ್ಷಕ್ಕೆ ಇಪ್ಪತ್ತೇಳರ ಸುಮಾರು ಬಹುಮಾನ ಬರಬಹುದು. ಆಗಲೂ ದೊಡ್ಡ ಬಹುಮಾನ ತಗುಲದಿದ್ದರೆ ಹೇಳಿದ ದರಕ್ಕಿಂತ ಕಮ್ಮಿಯೇ.

ಹಾಗಾದರೆ ಯಾರಿಗೆ ಇದು ಸರಿ? ಸಂಬಳ ನೂರಕ್ಕೆ 40ರ ತೆರಿಗೆ ಮಟ್ಟದಲ್ಲಿದ್ದರೆ ವರ್ಷಕ್ಕೆ 500 ಪೌಂಡ್ ಬಡ್ಡಿಗೆ ಮಾತ್ರ ತೆರಿಗೆ ಇಲ್ಲ. ಅದು ದಾಟಿದ ಮೇಲೆ ಬ್ಯಾಂಕು ನಾಲ್ಕೂವರೆ ಕೊಟ್ಟರೂ ಕೈಗೆ ಬರುವುದು 2.7. ಅಂಥವರು, ಐಸಾದಲ್ಲಿ (ಬಡ್ಡಿಗೆ, ಲಾಭಕ್ಕೆ ತೆರಿಗೆ ಇಲ್ಲದ ಇಲ್ಲಿನ ಉಳಿತಾಯ ಖಾತೆ) ವರ್ಷದ 20,000 ಮಿತಿಯನ್ನೂ ಮುಗಿಸಿದ್ದರೆ, ಬಾಂಡ್ ಹಾಕಲಿ. ಸಾಮಾನ್ಯ ಮಟ್ಟದ ತೆರಿಗೆ ಕಟ್ಟುವವರಿಗೆ ಸಾವಿರ ಪೌಂಡ್ ಬಡ್ಡಿಯ ತನಕ ಹೇಗೂ ತೆರಿಗೆ ಇಲ್ಲ. ಅವರಿಗೆ ಒಳ್ಳೆ ದರದ ಉಳಿತಾಯ ಖಾತೆಯೋ ಕ್ಯಾಶ್ ಐಸಾವೋ ಸಾಕು. ಐದಾರು ವರ್ಷ ಮುಟ್ಟದ ದುಡ್ಡಾದರೆ ಷೇರಿನ ಐಸಾ. ಇಳಿದಾಗ ಹೊಟ್ಟೆ ಕಿವುಚುತ್ತದೆ, 2020ರ ಮಾರ್ಚಿನಲ್ಲಿ ಕಿವುಚಿತು.

ಕಾಗದಪತ್ರದ್ದು ಹೆಚ್ಚೇನಿಲ್ಲ: ಇಲ್ಲಿನ ಬ್ಯಾಂಕ್ ಖಾತೆ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಕೊಂಡ ಮೇಲೆ ಒಂದು ಪೂರ್ತಿ ತಿಂಗಳು ಕಳೆದೇ ಡ್ರಾಗೆ ಸೇರುತ್ತದೆ, ಮನೆ ಬದಲಿಸಿದರೆ ವಿಳಾಸ ಬದಲಿಸಿ. ಊರಿನ ಬ್ಯಾಂಕಿನಲ್ಲಿ ಅನಿವಾಸಿಗಳು ಇಡುವ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ ಎಂದು ಇಲ್ಲೂ ಇಲ್ಲ ಅಂದುಕೊಳ್ಳಬೇಡಿ. 2025ರ ಏಪ್ರಿಲ್‌ನಿಂದ ಹೊಸಬರಿಗೆ ಮೊದಲ ನಾಲ್ಕು ವರ್ಷ ವಿನಾಯಿತಿ ಕೇಳುವ ದಾರಿ ಇದೆ, ಆದರೆ ಅದನ್ನು ಕೇಳಬೇಕು, ತಾನಾಗಿ ಬರುವುದಿಲ್ಲ.

ಈಗ ನನ್ನ ನಿಜವಾದ ತಪ್ಪಿಗೆ ಬರುತ್ತೇನೆ. ಅದರ ಮುಂದೆ ಬಾಂಡ್ ಏನೂ ಅಲ್ಲ.

2013ರಲ್ಲಿ ಕಂಪನಿ ನನ್ನನ್ನು ತಾನಾಗಿಯೇ ಪಿಂಚಣಿಗೆ ಸೇರಿಸಿತು. ನಾನು ಸಂಬಳದಲ್ಲಿ ನೂರಕ್ಕೆ ಐದು ಹಾಕಿದರೆ ಅವರೂ ಐದು ಹಾಕುತ್ತಾರೆ. ನಾನು ಏನು ಮಾಡಿದೆ? ಬೇಡ ಎಂದು ಬರೆದುಕೊಟ್ಟೆ. "55 ವರ್ಷದ ತನಕ ಮುಟ್ಟೋ ಹಾಗಿಲ್ಲ. ಇನ್ನೆರಡು ವರ್ಷಕ್ಕೆ ಊರಿಗೆ ಹೋಗೋರು ನಾವು, ಈ ದೇಶದ ಪಿಂಚಣಿ ಕಟ್ಕೊಂಡು ಏನ್ ಮಾಡೋದು?" ಹೆಂಡತಿ ಹೌದು ಎಂದಳು. ಬಿಟ್ಟವರನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಸೇರಿಸಬೇಕೆಂದು ಕಾನೂನಿದೆ. 2016ರಲ್ಲಿ ಮತ್ತೆ ಸೇರಿಸಿದರು, ಮತ್ತೆ ಬೇಡ ಎಂದೆ. ಕಾರಣ ಅದೇ, ಇನ್ನೆರಡು ವರ್ಷ. ಊರಿಗೆ ಹೋದರೂ ಆ ದುಡ್ಡು ನನ್ನದೇ ಆಗಿರುತ್ತಿತ್ತು ಎಂದು ಓದುವ ತಾಳ್ಮೆಯೂ ಇರಲಿಲ್ಲ. ಕಂಪನಿ ಕೊಡಲು ಬಂದ ದುಡ್ಡನ್ನು ಆರು ವರ್ಷ ವಾಪಸ್ ಕಳಿಸಿ, 25 ಪೌಂಡ್ ಬಹುಮಾನಕ್ಕೆ ಫೋನ್ ಮಾಡುತ್ತಿದ್ದೆ ನೋಡಿ! 2019ರಲ್ಲಿ ಸುಮ್ಮನಿದ್ದೆ. ಬುದ್ಧಿ ಬಂತು ಅಂತಲ್ಲ, ಮಗಳು ಶಾಲೆಗೆ ಸೇರಿದ್ದಳು.

2017ರಲ್ಲಿ ಲೈಫ್‌ಟೈಮ್ ಐಸಾ ಬಂದಾಗಲೂ ಹೀಗೇ. ಮೊದಲ ಮನೆಗೆಂದು ವರ್ಷಕ್ಕೆ 4,000 ಇಟ್ಟರೆ ಸರ್ಕಾರ ಸಾವಿರ ಸೇರಿಸುತ್ತದೆ, 40 ತುಂಬುವ ಮೊದಲು ಖಾತೆ ತೆರೆದಿರಬೇಕು. ನನಗಾಗ 38. ಇಲ್ಲಿ ಮನೆ ಯಾಕೆ ಎಂದೆ. ಮಧ್ಯದಲ್ಲಿ ಬೇರೆ ಕಾರಣಕ್ಕೆ ತೆಗೆದರೆ ನೂರಕ್ಕೆ ಇಪ್ಪತ್ತೈದು ಹಿಡಿದುಕೊಳ್ಳುತ್ತಾರೆ, ನಮ್ಮ ಅಸಲಿಗೂ ಕೈ ಹಾಕಿದಂತೆ. ಆದ್ದರಿಂದ ನಿಜವಾಗಿಯೂ ಊರಿಗೆ ಹೋಗುವವರಿಗೆ ಇದು ಬೇಡ. ನಿಜವಾಗಿಯೂ ಎಂದರೆ, ತಾರೀಕು ಗೊತ್ತಿರುವವರಿಗೆ.

ನಮ್ಮಲ್ಲಿ ತಾರೀಕು ಇರಲಿಲ್ಲ. ಮೊದಲ ಸಂಬಳದಲ್ಲಿ ಕೊಂಡ ಟಿವಿಯ ಡಬ್ಬವನ್ನು, ಥರ್ಮಾಕೋಲ್ ಸಮೇತ, ಅಟ್ಟದ ಮೇಲೆ ಇಟ್ಟಿದ್ದೆವು. ಊರಿಗೆ ಸಾಗಿಸುವಾಗ ಬೇಕಲ್ಲ ಅಂತ. ಮೂರು ಬಾಡಿಗೆ ಮನೆ ಬದಲಾದವು, ಡಬ್ಬ ಜೊತೆಗೇ ಬಂತು. ಟಿವಿ ಕೆಟ್ಟು ಬಿಸಾಡಿ ಎರಡು ವರ್ಷವಾದರೂ ಡಬ್ಬ ಹಾಗೇ ಇತ್ತು. ನಾನು ಬಾಂಡನ್ನು ಅಷ್ಟು ಪ್ರೀತಿಸಿದ್ದು ಬಹುಮಾನಕ್ಕಲ್ಲ ಅಂತ ಈಗ ಅನ್ನಿಸುತ್ತದೆ. ಯಾವತ್ತು ಬೇಕಾದರೂ ಪೂರ್ತಿ ತೆಗೆದುಕೊಂಡು ಎದ್ದು ಹೋಗಬಹುದಿತ್ತು. ಇಲ್ಲಿ ಇರುತ್ತೇವೆ ಎಂದೂ ಹೇಳಬೇಕಿರಲಿಲ್ಲ, ಹೋಗುತ್ತೇವೆ ಎಂದೂ ಹೇಳಬೇಕಿರಲಿಲ್ಲ. ಹೊರಡುವವರೂ ಅಲ್ಲ, ಉಳಿಯುವವರೂ ಅಲ್ಲ, ಹೀಗೆ ಹತ್ತು ವರ್ಷ. ಅಷ್ಟರಲ್ಲಿ ಮಗಳ ಕನ್ನಡ ನಮ್ಮ ಮಾತು ಅರ್ಥವಾಗುವಷ್ಟಕ್ಕೆ ನಿಂತುಹೋಯಿತು. ಹೇಗೂ ಊರಿಗೆ ಹೋದರೆ ಕಲಿಯುತ್ತಾಳೆ ಎಂದುಕೊಂಡಿದ್ದೆವು.

ಮಕ್ಕಳ ಹೆಸರಲ್ಲೂ ಬಾಂಡ್ ಕೊಳ್ಳಬಹುದು, ಹದಿನಾರು ತುಂಬುವವರೆಗೆ ದೊಡ್ಡವರು ನೋಡಿಕೊಳ್ಳಬೇಕು. ದೊಡ್ಡ ಮೊತ್ತವಾದರೆ ಜೂನಿಯರ್ ಐಸಾ ವಾಸಿ, ವರ್ಷಕ್ಕೆ 9,000ದ ತನಕ, ಹದಿನೆಂಟರವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಅಮ್ಮ ಇಲ್ಲಿಗೆ ಬಂದಿದ್ದಾಗ "ಮಗೀನ ಹೆಸ್ರಲ್ಲಿ ಏನಾದ್ರೂ ಇಡು" ಎಂದು ಸೆರಗಿನ ಗಂಟು ಬಿಚ್ಚಿ ರೂಪಾಯಿ ಕೊಟ್ಟಳು. ಅದಕ್ಕೆ ನೂರು ಪೌಂಡಿನ ಬಾಂಡ್ ಕೊಂಡೆ. ನೂರು ನಂಬರಿಗೆ ಲೆಕ್ಕದ ಪ್ರಕಾರ ಹದಿನೆಂಟು ವರ್ಷಕ್ಕೊಂದು ಬಹುಮಾನ. ಮಗಳಿಗೆ ಮೂರನೇ ವರ್ಷವೇ 25 ಪೌಂಡ್ ಬಂತು. ತಿಪಟೂರಿನ ನಮ್ಮ ಬೀದಿಯಲ್ಲಿ ಮೊಮ್ಮಗಳಿಗೆ ಲಂಡನ್ ಲಾಟರಿ ಹೊಡೆದ ಸುದ್ದಿ ಹಬ್ಬಿತು.

ಅಮ್ಮ ವಿಡಿಯೋ ಕಾಲಿನಲ್ಲಿ ಕೇಳಿದಳು: "ಇಪ್ಪತ್ತೈದು ಕೊಟ್ರು ಸರಿ. ನಾನು ಕೊಟ್ಟಿದ್ದ ದುಡ್ಡು?"

"ಅದು ಅಲ್ಲೇ ಇದೆ ಅಮ್ಮ. ಯಾವಾಗ ಬೇಕಾದ್ರೂ ತೆಗೀಬಹುದು."

"ಹಂಗಾದ್ರೆ ತೆಗ್ದು ಮಗೀಗೊಂದು ಟಿಕೆಟ್ ಮಾಡ್ಸು. ನೋಡಿ ಎರಡು ವರ್ಷ ಆಯ್ತು."

ನೂರು ಪೌಂಡಿಗೆ ಟಿಕೆಟ್ ಬರಲ್ಲಮ್ಮ ಎಂದೆ.

"ಮಿಕ್ಕಿದ್ದಕ್ಕೆ ನೀನಿಲ್ವಾ?"