ನೂಲು ಕಟ್ಟಿದ ದಿನವೇ ಅಳತೆ: ತಕರಾರಿಲ್ಲದೆ ಓಸಿ ಪಡೆದ ಬಗೆ

ಕಾರವಾರ, ಅಂಕೋಲಾ, ಕುಮಟಾ, ಘಟ್ಟದ ಮೇಲೆ ಶಿರಸಿ. ಈ ಭಾಗದಲ್ಲಿ ನಕ್ಷೆ ಮಾಡಿ ಪರವಾನಗಿ ತೆಗೆಸಿಕೊಡುವ ನಮ್ಮಂಥ ನೋಂದಾಯಿತ ಇಂಜಿನಿಯರ್‌ಗಳಿಗೆಲ್ಲ ಗೊತ್ತಿರುವ ಮಾತು: ಪರವಾನಗಿ ಹೇಗೋ ಆಗುತ್ತದೆ, ಕೆಲಸ ನಿಲ್ಲುವುದು ಓಸಿಯಲ್ಲಿ, ಅಂದರೆ ಮುಗಿದ ಮನೆಯಲ್ಲಿ ವಾಸಕ್ಕೆ ಸಿಗುವ ಸ್ವಾಧೀನಾನುಭವ ಪತ್ರದಲ್ಲಿ. ಮನೆ ಮುಗಿದು, ಬಣ್ಣ ಹೊಡೆದು, ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟ ಮೇಲೆ ಸ್ಥಳ ತಪಾಸಣೆಗೆ ಬಂದವರ ಟೇಪಿನಲ್ಲಿ ಸುತ್ತ ಖಾಲಿ ಬಿಡಬೇಕಾದ ಜಾಗ (ಸೆಟ್‌ಬ್ಯಾಕ್) ಎಡಬದಿ ನಾಲ್ಕು ಇಂಚು ಕಡಿಮೆ, ಹಿಂಬದಿ ಆರು ಇಂಚು ಕಡಿಮೆ, ಬಾಲ್ಕನಿ ನಕ್ಷೆಯಲ್ಲೇ ಇಲ್ಲ. ಸ್ಲ್ಯಾಬ್ ಹಾಕಿಯಾದ ಗೋಡೆಯನ್ನು ಆಗ ಒಳಗೆ ಸರಿಸಲು ಬರುವುದಿಲ್ಲ.

ಆ ನಾಲ್ಕು ಇಂಚು ಹೋಗಿರುವುದು ಪಾಯ ತೋಡುವ ಮೊದಲು, ಗೋಡೆ ಎಲ್ಲಿ ಬರಬೇಕೆಂದು ನೂಲು ಕಟ್ಟಿ ಗುರುತಿಸಿದ ದಿನ. ಸರ್ಕಾರಿ ತಪಾಸಣೆ ಯಾವಾಗ ಬೇಕಾದರೂ ಬರಲಿ, ನಮ್ಮ ತಪಾಸಣೆ ಅದೇ ದಿನ ಆಗಬೇಕು, ಅದರ ದಾಖಲೆ ಕಡತದಲ್ಲಿ ಇರಬೇಕು ಎಂದು ಪಟ್ಟು ಹಿಡಿದೆ. ಈಗ ನಮ್ಮ ಕಚೇರಿಯಿಂದ ಹೋಗುವ ಕಡತಗಳಲ್ಲಿ ಹೆಚ್ಚಿನವು ಒಂದೇ ತಪಾಸಣೆಗೆ ಮುಗಿಯುತ್ತಿವೆ. ಈ ಕರಾವಳಿಯಲ್ಲಿ ಹಾಗೆಂದು ಧೈರ್ಯವಾಗಿ ಹೇಳುವವರು ಹೆಚ್ಚಿಲ್ಲ.

ಶುರುಮಾಡಿದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಮಾಲೀಕ ಇದಕ್ಕೆ ದುಡ್ಡು ಕೊಡುವುದಿಲ್ಲ, ಮೇಸ್ತ್ರಿ ಕಾಯುವುದಿಲ್ಲ, ಓಸಿ ಕೇಳುವವರಾದರೂ ಯಾರು ಎಂದರು. ಎಲ್ಲಕ್ಕಿಂತ ದೊಡ್ಡ ಅಡ್ಡಿ ‘ಅಕ್ರಮ-ಸಕ್ರಮ ಬರ್ತದೆ, ದಂಡ ಕಟ್ಟಿದರಾಯ್ತು’ ಎಂಬ ನಂಬಿಕೆ. 2014ರ ಆ ನಿಯಮ ವಾಸದ ಕಟ್ಟಡಕ್ಕೆ ಶೇ 50, ಉಳಿದವಕ್ಕೆ ಶೇ 25ರವರೆಗಿನ ಉಲ್ಲಂಘನೆಗೆ ದಾರಿ ತೋರಿಸಿದ್ದು ನಿಜ. ಆದರೆ ಅದು 2013ರ ಅಕ್ಟೋಬರ್ 19ಕ್ಕಿಂತ ಹಿಂದಿನ ಕಟ್ಟಡಗಳಿಗೆ ಮಾತ್ರ. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಈಗ ಕಟ್ಟುವ ಮನೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಮಾಲೀಕರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಮಾತು ಖರ್ಚಾಗುತ್ತಿತ್ತು.

2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಮಾತು ಬದಲಾಯಿತು. ಮಂಜೂರಾದ ನಕ್ಷೆ ಕೆಲಸ ಮುಗಿಯುವ ತನಕ ಸ್ಥಳದಲ್ಲಿ ಕಾಣುವಂತೆ ಇರಬೇಕು, ಅಧಿಕಾರಿಗಳು ಆಗಾಗ ತಪಾಸಣೆ ಮಾಡಿ ದಾಖಲಿಸಬೇಕು, ಓಸಿ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಕಟ್ಟಡದ ಮೇಲೆ ಸಾಲ ಕೊಡುವ ಮೊದಲು ಓಸಿ ಪರಿಶೀಲಿಸಬೇಕು ಎಂದು ಕೋರ್ಟ್ ಹೇಳಿತು. ಕರೆಂಟು ಮೀಟರಿನ ಪ್ರಶ್ನೆ ಬಂದ ಮೇಲೆ ಮಾಲೀಕರು ತಾವಾಗಿಯೇ ಫೋನ್ ಮಾಡತೊಡಗಿದರು.

ಇನ್ನು ಕೆಲಸದ ವಿಷಯ.

ನಕ್ಷೆ ಬರೆಯುವ ಮೊದಲು ನಿವೇಶನದ ನಾಲ್ಕು ಬದಿ ಮತ್ತು ಎರಡೂ ಕರ್ಣ ಅಳೆಯುತ್ತೇವೆ. ಖರೀದಿ ಪತ್ರದಲ್ಲಿ 12 ಮೀಟರ್, ಸ್ಥಳದಲ್ಲಿ 11.7 ಇರುವುದು ನಮ್ಮ ಕಡೆ ಹೊಸದಲ್ಲ. ಹಳೇ ಹಿಸ್ಸೆ, ಪಕ್ಕದವರು ಒಳಗೆ ಕಟ್ಟಿಕೊಂಡ ಪಾಗಾರ (ಕಾಂಪೌಂಡ್ ಗೋಡೆ), ರಸ್ತೆಗೆ ಹೋದ ಅಂಚು, ಕಾರಣ ಏನಾದರೂ ಇರಬಹುದು. ಪತ್ರದ ಅಳತೆಗೆ ನಕ್ಷೆ ಮಾಡಿಸಿ ಪರವಾನಗಿ ತಂದರೆ ಆ 30 ಸೆಂ.ಮೀ. ಸೆಟ್‌ಬ್ಯಾಕಿನಲ್ಲೇ ಹೋಗುತ್ತದೆ. ಗಡಿಕಲ್ಲು ಕಾಣದಿದ್ದರೆ ಹದ್ದುಬಸ್ತು (ಸರ್ವೇಯರ್ ಮಾಡುವ ಗಡಿ ಅಳತೆ) ಮಾಡಿಸದೆ ನಾನು ಪೆನ್ನು ಹಿಡಿಯುವುದಿಲ್ಲ. ಸರ್ವೇಯರ್ ಬರುವ ತನಕ ಕಾಯಬೇಕು, ಮಾಲೀಕ ಸಿಟ್ಟಾಗುತ್ತಾನೆ. ಕಾಯಲೇಬೇಕು. ಬಿನ್‌ಶೇತ್ಕಿ (ಕೃಷಿಯೇತರ) ಆದೇಶದ ಜೊತೆಗಿನ ನಕ್ಷೆ, ಸಿಟಿ ಸರ್ವೆ ಉತಾರ, ಸ್ಥಳದ ಅಳತೆ ಮೂರನ್ನೂ ಪಕ್ಕ ಪಕ್ಕ ಇಟ್ಟು, ಯಾವುದು ಚಿಕ್ಕದೋ ಅದಕ್ಕೆ ನಕ್ಷೆ.

ಶಿರಸಿಯಲ್ಲಿ ಇನ್ನೊಂದು ತೊಡಕು, ಇಳಿಜಾರು. ನೆಲದ ಮೇಲೆ ಟೇಪು ಮಲಗಿಸಿ ಅಳೆದರೆ 5ಕ್ಕೆ 1ರ ಇಳಿಜಾರಿನಲ್ಲಿ 10 ಮೀಟರ್ ಎಂದು ಬಂದದ್ದು ಮಟ್ಟಸ ಅಳತೆಯಲ್ಲಿ 9.8 ಮಾತ್ರ. 20 ಸೆಂ.ಮೀ. ಅಲ್ಲೇ ಹೋಯಿತು. ಟೇಪು ಮಟ್ಟಸವಾಗಿ ಹಿಡಿದು, ತುದಿಯಲ್ಲಿ ತೂಗುಗುಂಡು ಬಿಟ್ಟು, ಎರಡೆರಡು ಮೀಟರಿನ ಮೆಟ್ಟಿಲಾಗಿ ಇಳಿಯಬೇಕು. ಫೈಬರ್ ಟೇಪು ಬೇಡ, ಎಳೆದಷ್ಟು ಬರುತ್ತದೆ. 30 ಮೀಟರಿನ ಸ್ಟೀಲ್ ಟೇಪು ಒಂದಿದ್ದರೆ ಸಾಕು. ಅದರ ಮೊದಲ ತುದಿಯ ಕೊಕ್ಕೆ ಸಡಿಲವಾಗಿದೆಯೇ ನೋಡಿಕೊಳ್ಳಿ.

ನೂಲು ಕಟ್ಟುವುದು ಬುರ್ಜಿ (ಅಲ್ಲಾಡದಂತೆ ಕೂರಿಸಿದ ಗುರುತು) ಮೇಲೆ, ಗೂಟದ ಮೇಲೆ ಬೇಡ. ಕೋಡಿಬಾಗ ಕಡೆಯ ಮರಳು ನೆಲದಲ್ಲಿ ಮರದ ಗೂಟ ಎರಡು ದಿನ ನಿಲ್ಲುವುದಿಲ್ಲ, ಜೆಸಿಬಿ ತಿರುಗಿದರೆ ಅಲ್ಲಾಡುತ್ತದೆ. 12 ಮಿ.ಮೀ. ಸರಳನ್ನು ಮೂರು ಅಡಿ ಉದ್ದ ಕತ್ತರಿಸಿ ಹೊಡೆದು ಸುತ್ತ ಒಂದು ಬುಟ್ಟಿ ಕಾಂಕ್ರೀಟ್ ಹಾಕಿದರೆ ನಿಲ್ಲುತ್ತದೆ. ಚಿರೇಕಲ್ಲಿನ ಗಟ್ಟಿ ನೆಲದಲ್ಲಿ ಗೂಟ ಇಳಿಯುವುದೇ ಇಲ್ಲ, ಡ್ರಿಲ್ ಮಾಡಿ ಮೊಳೆ ಕೂರಿಸಿ. ಬುರ್ಜಿ ಪಾಯದ ಅಂಚಿನಿಂದ ಕನಿಷ್ಠ ಒಂದು ಮೀಟರ್ ಹೊರಗಿರಬೇಕು. ಜಾಗ ಇಲ್ಲದ ಕಡೆ ಪಾಗಾರದ ಒಳಮೈಗೆ ಕಟಿಂಗ್ ಮಷೀನಿನಿಂದ ಗೀರು ಹಾಕಿ ಕೆಂಪು ಬಣ್ಣ ತುಂಬುತ್ತೇವೆ. ಸುಣ್ಣದ ಗೆರೆಯನ್ನು ನಂಬಿ ಕೆಟ್ಟವರು ಬಹಳ. ಮೇ ಕೊನೆಯ ಒಂದು ಮಳೆಗೆ ಗೆರೆ ಹೋಗುತ್ತದೆ, ಮೇಸ್ತ್ರಿ ತನ್ನ ನೆನಪಿನಿಂದ ಮತ್ತೆ ಎಳೆಯುತ್ತಾನೆ, ಆ ಎರಡನೇ ಗೆರೆ ಯಾವತ್ತೂ ಹೊರಗೇ ಹೋಗಿರುತ್ತದೆ.

ಮೂಲೆ ನೋಡಲು ಮೂಲೆಮಟ್ಟ ಸಾಲದು, ಕರ್ಣ ಹಿಡಿಯಬೇಕು. 9ಕ್ಕೆ 12 ಮೀಟರಿನ ಮನೆಗೆ ಕರ್ಣ 15. ಎರಡು ಕರ್ಣಗಳ ನಡುವೆ 100 ಮಿ.ಮೀ. ವ್ಯತ್ಯಾಸ ಬಂದರೆ 9 ಮೀಟರಿನ ಬದಿ 60 ಮಿ.ಮೀ. ಆಸುಪಾಸು ವಾಲಿದೆ ಎಂದೇ ಲೆಕ್ಕ. 10 ಮಿ.ಮೀ. ಒಳಗೆ ಬರುವ ತನಕ ಬಿಡುವುದಿಲ್ಲ.

ನನ್ನ ವಿಧಾನದ ಜೀವ ಮುಂದಿನ ಭಾಗದಲ್ಲಿದೆ. ನಕ್ಷೆಯಲ್ಲಿ 1 ಮೀಟರ್ ಸೆಟ್‌ಬ್ಯಾಕ್ ಇದ್ದರೆ ನೂಲನ್ನು 1.05ಕ್ಕೆ ಕಟ್ಟಿಸುತ್ತೇನೆ. ಕಾಲಂ ಬಾಕ್ಸ್ (ಕಂಬದ ಅಚ್ಚು) ಉಬ್ಬಿದ್ದಕ್ಕೆ 10 ಮಿ.ಮೀ., ಹೊರಗಿನ ಗಾರೆಗೆ 20 ಮಿ.ಮೀ., ಕಾಲಂ ಸರಳು ಅಡಿಪಾಯದಲ್ಲಿ ಜರುಗಿದ್ದಕ್ಕೆ 15ರಿಂದ 20. ಈ 50 ಮಿ.ಮೀ. ಹೇಗಿದ್ದರೂ ಖರ್ಚಾಗುವಂಥದ್ದು. ಮುಂಭಾಗಕ್ಕೆ ಕಲ್ಲಿನ ಕ್ಲ್ಯಾಡಿಂಗ್ ಮಾಡುವುದಿದ್ದರೆ ಅದಕ್ಕೆ ಇನ್ನೂ 40 ಬೇರೆ. 12 ಮೀಟರ್ ಉದ್ದದ ಮನೆಯಲ್ಲಿ ಎರಡೂ ಬದಿ 50 ಬಿಟ್ಟರೆ ಮಹಡಿಗೆ 1.2 ಚದರ ಮೀಟರ್, ಅಂದರೆ ಸುಮಾರು 13 ಚದರ ಅಡಿ ಹೋಗುತ್ತದೆ. ‘ನನ್ನ ಜಾಗ ನೀವ್ಯಾಕೆ ಬಿಡಿಸ್ತೀರಿ ಸರ್’ ಎಂದು ಮಾಲೀಕರು ಜಗಳಕ್ಕೆ ಬಂದದ್ದುಂಟು. ಆಗ ಖರ್ಚಿನ ಲೆಕ್ಕ ತೋರಿಸುತ್ತೇನೆ.

ನೂಲು ಸರಿಸಲು ಒಬ್ಬ ಗೌಂಡಿಯ ಅರ್ಧ ದಿನ, ಐನೂರು ಆರುನೂರು ರೂಪಾಯಿ. ಗುಂಡಿ ತೋಡಿದ ಮೇಲೆ ಸರಿಸಲು ಜೆಸಿಬಿ ಎರಡು ತಾಸು, ಮೂರು ಸಾವಿರದ ಹತ್ತಿರ. ಅಡಿಪಾಯದ ಕಾಂಕ್ರೀಟ್ ಆದ ಮೇಲೆ ಒಂದೂವರೆ ಮೀಟರ್ ಚೌಕದ, 40 ಸೆಂ.ಮೀ. ದಪ್ಪದ ಒಂದು ಫೂಟಿಂಗ್ ಎಂದರೆ ಮುಕ್ಕಾಲು ಘನ ಮೀಟರಿಗೂ ಮಿಕ್ಕಿದ ಕಾಂಕ್ರೀಟ್, ಏಳು ಚೀಲ ಸಿಮೆಂಟ್, ನಲವತ್ತೈದು ಕಿಲೋ ಸರಳು. ಒಡೆದು ಮತ್ತೆ ಹಾಕಲು ಒಂದೊಂದಕ್ಕೆ ಹದಿನೈದು ಸಾವಿರ, ಒಂದು ಬದಿಯಲ್ಲಿ ನಾಲ್ಕು. ಪ್ಲಿಂತ್ ಬೀಮ್ (ಗೋಡೆಯ ಬುಡದ ಕಾಂಕ್ರೀಟ್ ತೊಲೆ) ದಾಟಿದರೆ ಲಕ್ಷದ ಮಾತು. ಈ ನಾಲ್ಕು ಅಂಕಿ ಒಂದು ಚೀಟಿಯಲ್ಲಿ ಬರೆದು ಮಾಲೀಕನ ಕೈಗೆ ಕೊಟ್ಟರೆ 13 ಚದರ ಅಡಿಯ ಮಾತು ಅಲ್ಲಿಗೆ ನಿಲ್ಲುತ್ತದೆ.

ಎರಡನೇ ತಪಾಸಣೆ ಫೂಟಿಂಗ್ ಮೇಲೆ ಕಾಲಂ ಸ್ಟಾರ್ಟರ್ (ಕಂಬದ ಬುಡದ ಅಚ್ಚು) ಕಟ್ಟಿದಾಗ, ಕಾಂಕ್ರೀಟ್ ಸುರಿಯುವ ಮೊದಲು. ಮೂರನೆಯದು ಪ್ಲಿಂತ್ ಬೀಮಿನ ಸೆಂಟ್ರಿಂಗ್ (ಹಲಗೆಯ ಅಚ್ಚು) ನಿಂತಾಗ. ನಾಲ್ಕನೆಯದು ಮೊದಲ ಸ್ಲ್ಯಾಬಿನ ಸೆಂಟ್ರಿಂಗ್ ಅಂಚಿಗೆ ತೂಗುಗುಂಡು ಬಿಟ್ಟು. ಬಾಲ್ಕನಿ, ಸಜ್ಜ, ಮೆಟ್ಟಿಲಿನ ಮಿಡ್‌ಲ್ಯಾಂಡಿಂಗ್ ಹೊರಗೆ ಬರುವುದು ಅಲ್ಲೇ. ನೆಲಮಹಡಿ ಅಚ್ಚುಕಟ್ಟಾಗಿದ್ದು ಮೇಲೆ ಎರಡೂವರೆ ಅಡಿ ಹೊರಗೆ ಚಾಚಿದ ಮನೆಗಳು ಊರ ತುಂಬ ಇವೆ. ಮೇಸ್ತ್ರಿ, ಮಾಲೀಕ ಇಬ್ಬರೇ ಮಾತಾಡಿಕೊಂಡು ಹಲಗೆ ಮುಂದೆ ತಳ್ಳುತ್ತಾರೆ. ಕಾಂಕ್ರೀಟಿನ ಹಿಂದಿನ ಸಂಜೆ ನಾನೇ ಹೋಗುತ್ತೇನೆ, ಬೆಳಿಗ್ಗೆ ಹೋದರೆ ಮಿಕ್ಸರ್ ತಿರುಗುತ್ತಿರುತ್ತದೆ, ಮಾತು ನಡೆಯುವುದಿಲ್ಲ.

ಫೋಟೋ ವಿಷಯದಲ್ಲಿ ಆರಂಭದಲ್ಲಿ ಬಹಳ ಕೈಸುಟ್ಟಿತು. ಸ್ಥಳದ ಹುಡುಗರು ಕಳಿಸಿದ ಚಿತ್ರದಲ್ಲಿ ಟೇಪು 1.05 ಎನ್ನುತ್ತದೆ, ಹೋಗಿ ನೋಡಿದರೆ 0.97. ಓರೆಯಾಗಿ ನಿಂತು ತೆಗೆದರೆ ನೂಲು ಬೇರೆ ಅಂಕಿಯ ಮೇಲೆ ಕೂತಂತೆ ಕಾಣುತ್ತದೆ. ಈಗ ಪ್ರತಿ ಬದಿಗೆ ಮೂರು ಚಿತ್ರ: ಗಡಿಕಲ್ಲಿಗೆ ಟೇಪಿನ ಸೊನ್ನೆ ಮುಟ್ಟಿದ್ದು, ನೂಲಿನ ನೇರ ಮೇಲಿಂದ ಅಂಕಿ ಕಾಣುವುದು, ಕಲ್ಲು ಮತ್ತು ನೂಲು ಎರಡೂ ಒಟ್ಟಿಗೆ ಕಾಣುವುದು. ಮೂರರಲ್ಲೂ ಪರವಾನಗಿ ಸಂಖ್ಯೆ ಬರೆದ ಸ್ಲೇಟು ಇರಬೇಕು. ಹಳೇ ಚಿತ್ರ ಮತ್ತೆ ಕಳಿಸುವುದನ್ನು ತಡೆಯಲು ಸ್ಲೇಟಿನಲ್ಲಿ ಇನ್ನೊಂದು ಗುರುತು ಹಾಕಿಸುತ್ತೇನೆ, ಅದು ಇಲ್ಲಿ ಬೇಡ. ಈ ಚಿತ್ರಗಳನ್ನು ಆಯಾ ಹಂತದಲ್ಲೇ ಪತ್ರದ ಜೊತೆ ನಗರಸಭೆಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಅವರು ಸ್ಥಳಕ್ಕೆ ಬರಲಿ, ಬರದೇ ಇರಲಿ, ಕೊನೆಯ ತಪಾಸಣೆಗೆ ಬರುವ ಇಂಜಿನಿಯರ್ ಮುಂದೆ ಕಡತದಲ್ಲಿ ನಾಲ್ಕು ಹಂತದ ಅಳತೆ ಇರುತ್ತದೆ. ಅವರಿಗೂ ಸಹಿ ಹಾಕಲು ಧೈರ್ಯ ಬರುತ್ತದೆ. ಇಷ್ಟೊಂದು ವಾರ್ಡು ಸುತ್ತುವ ಬೆರಳೆಣಿಕೆಯ ಇಂಜಿನಿಯರ್‌ಗಳಿಂದ ಪ್ರತಿ ಮನೆಯ ಪ್ರತಿ ಹಂತ ನೋಡುವುದು ಆಗದ ಮಾತು. ನಿಗಾ ವ್ಯವಸ್ಥೆ ಎಂದರೆ ನಮ್ಮ ದಾಖಲೆ ಮತ್ತು ಅವರ ದಿಢೀರ್ ಭೇಟಿ ಎರಡೂ ಸೇರಿದ್ದು ಎಂದೇ ನನ್ನ ಅಭಿಪ್ರಾಯ.

ಮಧ್ಯೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪ್ರಯೋಗವೊಂದನ್ನೂ ಮಾಡಿ ನೋಡಿದೆ. ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆ) ದೂರವನ್ನು ಮೊಬೈಲ್ ಜಿಪಿಎಸ್‌ನಲ್ಲಿ ಅಳೆಯುವುದು. ಉಪಯೋಗವಿಲ್ಲ. ತೆಂಗಿನ ಮರದಡಿ ನಿಂತರೆ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಅಲೆ ಎಲ್ಲಿಗೆ ಬರುತ್ತದೆ ಎಂದು ಊರವರನ್ನು ಕೇಳಿ ಬರೆಯುವುದೂ ನಡೆಯುವುದಿಲ್ಲ, ಅನುಮೋದಿತ ಕರಾವಳಿ ವಲಯ ನಕ್ಷೆಯಲ್ಲಿ ಸರ್ವೆ ನಂಬರಿನ ಮೇಲೆ ಬಿದ್ದಿರುವ ಗೆರೆಯೇ ಗೆರೆ. ಸಮುದ್ರ ದೂರ ಇದೆ ಎಂದು ನಿಶ್ಚಿಂತೆಯಿಂದ ಇರುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಕಾಳಿ, ಗಂಗಾವಳಿ, ಅಘನಾಶಿನಿಯ ಹಿನ್ನೀರಿನ ಪಕ್ಕ, ಗಜನಿ (ಉಪ್ಪುನೀರು ಹತ್ತುವ ಗದ್ದೆ) ಬದುವಿನ ಹತ್ತಿರ. 2019ರ ಅಧಿಸೂಚನೆಯಂತೆ ಉಬ್ಬರದ ನೀರು ಆಡುವ ಹೊಳೆಯ ದಂಡೆಗೂ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ದೂರ ಸಿಆರ್‌ಝಡ್ ಅನ್ವಯಿಸುತ್ತದೆ. ಸ್ವಂತ ವಾಸದ 300 ಚದರ ಮೀಟರ್ ಒಳಗಿನ ಮನೆಗೆ ಸ್ಥಳೀಯ ಸಂಸ್ಥೆಯೇ ಅಧಿಸೂಚನೆ ನೋಡಿ ಅನುಮತಿ ಕೊಡಬಹುದು. ಕಾರು ನಿಲ್ಲಿಸುವ ಜಾಗ ಅದು ಇದು ಎಂದು ಸೇರಿಸಿ 310 ಮಾಡಿಕೊಂಡು ಕಡತ ಬೆಂಗಳೂರಿಗೆ ಕಳಿಸುವುದು ಬೇಡ. 290ಕ್ಕೆ ನಿಲ್ಲಿಸಿ.

ಇನ್ನೊಂದು, ಗುಡ್ಡ ಕಡಿಯುವುದು. ಮಂಜೂರಾತಿ ನಕ್ಷೆಯಲ್ಲಿ ಮನೆ ಇರುತ್ತದೆ, ಮನೆಯ ಹಿಂದೆ ಕಡಿದ ಹದಿನೈದು ಅಡಿ ಗೋಡೆ ಇರುವುದಿಲ್ಲ. 2024ರ ಜುಲೈ 16ರ ಅಂಕೋಲಾದ ಶಿರೂರು ಗುಡ್ಡ ಕುಸಿತದ ನಂತರವೂ ನಮ್ಮವರು ಇದನ್ನು ನಕ್ಷೆಗೆ ತರುತ್ತಿಲ್ಲ ಎನ್ನುವುದು ನನಗೆ ನಿಜವಾಗಿ ನೋವಿನ ವಿಷಯ. ಮೇಲಿನ ಚಿರೇಕಲ್ಲು ಪದರ ನೆಟ್ಟಗೆ ನಿಲ್ಲುತ್ತದೆ, ಅದನ್ನು ನೋಡಿ ಧೈರ್ಯ ಬರುತ್ತದೆ. ಅದರ ಕೆಳಗಿನ ಶೇಡಿ ಮಣ್ಣು ಒಣಗಿದ್ದಾಗ ಕಲ್ಲಿನ ಹಾಗಿದ್ದು ನೀರು ಕುಡಿದಾಗ ಜಾರುತ್ತದೆ, ಮೇಲಿನ ಪದರವನ್ನೂ ಹೊತ್ತು ತರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಸುರಿಯುವ ಮಳೆಗೆ ಇದು ಸಾಕು. ಈಗ ನಮ್ಮ ಎಲ್ಲ ಇಳಿಜಾರು ನಿವೇಶನದ ನಕ್ಷೆಯಲ್ಲೂ ಒಂದು ಅಡ್ಡಕೊಯ್ತ ಹೆಚ್ಚು ಹಾಕುತ್ತೇವೆ: ಮೂಲ ನೆಲ, ಕಡಿತದ ಮಟ್ಟ, ನಡುವೆ ಒಂದೂವರೆ ಮೀಟರಿನ ಮೆಟ್ಟಿಲು, ತಲೆಯ ಮೇಲೆ ನೀರು ತಿರುಗಿಸುವ ಗಟಾರ, ತಡೆಗೋಡೆಯಲ್ಲಿ ಒಂದೂವರೆ ಮೀಟರಿಗೊಂದು 75 ಮಿ.ಮೀ. ಪೈಪು, ಹಿಂದೆ ಜಲ್ಲಿ. ಜಲ್ಲಿ ಹಾಕದೆ ಬರೀ ಪೈಪು ಇಟ್ಟರೆ ಎರಡು ಮಳೆಗಾಲಕ್ಕೆ ಮಣ್ಣು ತುಂಬಿ ಮುಚ್ಚುತ್ತದೆ. ಕೇಳದಿದ್ದರೂ ಈ ಹಾಳೆ ಕೊಡಿ. ಕಡಿದದ್ದು ಎಷ್ಟು ಎಂದು ಆಮೇಲೆ ಯಾರಾದರೂ ನೋಡಲು ಅಂಕಿಯಾದರೂ ಇರುತ್ತದೆ.

ಶುಲ್ಕದ ವಿಷಯ ಕೇಳುವವರಿಗೆ: ನಕ್ಷೆ ಮತ್ತು ಪರವಾನಗಿಯ ದರ ಎಲ್ಲರದೂ ಒಂದೇ ಆಸುಪಾಸು, ನನ್ನದೂ ಅಷ್ಟೇ. ಹಂತದ ತಪಾಸಣೆಗೆ ಬೇರೆ, ಒಂದು ಸಾಧಾರಣ ಮನೆಗೆ ಇಪ್ಪತ್ತು ಇಪ್ಪತ್ತೈದು ಸಾವಿರ. ಅದರಲ್ಲಿ ಅರ್ಧ ಪ್ಲಿಂತ್ ಹಂತದಲ್ಲಿ, ಉಳಿದರ್ಧ ಓಸಿ ಕೈಗೆ ಬಂದ ಮೇಲೆ. ಮೊದಲೇ ಪೂರ್ತಿ ತೆಗೆದುಕೊಂಡರೆ ಮಾಲೀಕ ನಮ್ಮನ್ನು ಕರೆಯುವುದೇ ಇಲ್ಲ. ಒಪ್ಪಂದದಲ್ಲಿ ಒಂದು ಸಾಲು ಬರೆಸಿಕೊಳ್ಳಿ: ನೂಲಿನ ತಪಾಸಣೆಗೆ ಕರೆಯದೆ ಪಾಯ ತೋಡಿದರೆ ಮೇಲುಸ್ತುವಾರಿ ಪತ್ರ ಹಿಂದಕ್ಕೆ, ಅದನ್ನು ನಗರಸಭೆಗೂ ಲಿಖಿತವಾಗಿ ತಿಳಿಸುತ್ತೇವೆ. ಹಾಗೆ ಹಿಂದಕ್ಕೆ ಪಡೆದ ಕೆಲಸಗಳೂ ಇವೆ, ಹಣ ಹೋಯಿತು. ಆದರೆ ಆ ಸುದ್ದಿ ಮೇಸ್ತ್ರಿಗಳ ನಡುವೆ ಹಬ್ಬಿ ಈಗ ಅವರೇ ‘ನೂಲು ಕಟ್ಟಿದ್ದೇನೆ ಸರ್, ಬನ್ನಿ’ ಎನ್ನುತ್ತಾರೆ.

ಇನ್ನೂ ಪೂರ್ತಿ ಕೈಗೆ ಬರದ ಒಂದು ವಿಷಯ ತಾರಸಿಯ ಮೇಲಿನ ಶೀಟು. ಇಲ್ಲಿಯ ಮಳೆಗೆ ಸ್ಲ್ಯಾಬ್ ಸೋರುತ್ತದೆ, ಎರಡನೇ ವರ್ಷವೇ ಎಲ್ಲರೂ ಕಬ್ಬಿಣದ ಟ್ರಸ್ ಹಾಕಿ ಶೀಟು ಹೊದಿಸುತ್ತಾರೆ, ಮೂರನೇ ವರ್ಷ ಅದರ ಸುತ್ತ ಗೋಡೆ ಏಳುತ್ತದೆ, ನಾಲ್ಕನೇ ವರ್ಷ ಅದೊಂದು ಬಾಡಿಗೆ ಮಹಡಿ. ಮೊದಲಿನ ನಕ್ಷೆಯಲ್ಲೇ ಮಳೆ ಮರೆಯ ಶೀಟನ್ನು ನಾಲ್ಕೂ ಬದಿ ತೆರೆದದ್ದು ಎಂದು ಬರೆದು, ಎತ್ತರ ನಮೂದಿಸಿ ಮಂಜೂರು ಮಾಡಿಸುತ್ತಿದ್ದೇನೆ. ಕಂಬದ ಬೇಸ್ ಪ್ಲೇಟಿನ ಬೋಲ್ಟುಗಳನ್ನು ಸ್ಲ್ಯಾಬ್ ಕಾಂಕ್ರೀಟಿನಲ್ಲೇ ಕೂರಿಸಿಬಿಟ್ಟರೆ ಆಮೇಲೆ ಸ್ಲ್ಯಾಬಿಗೆ ತೂತು ಕೊರೆದು ಸೋರಿಸುವುದು ತಪ್ಪುತ್ತದೆ. ಶೀಟಿನ ಚಾಚುವ ಅಂಚನ್ನು ಗೋಡೆಯಿಂದ ಹೊರಗೆ ಅರ್ಧ ಮೀಟರಿಗೆ ಮಿತಿಗೊಳಿಸಿ, ಕೆಳಗೆ ನೀರು ಹಿಡಿಯುವ ದೋಣಿ ಕಟ್ಟಿಸಿ, ಶೀಟಿನ ನೀರು ಪಕ್ಕದವರ ಅಂಗಳಕ್ಕೆ ಬೀಳದಂತೆ ಪೈಪಿನಲ್ಲಿ ಇಳಿಸಬೇಕು. ಅರ್ಧಕ್ಕರ್ಧ ದೂರು ಹುಟ್ಟುವುದೇ ಆ ನೀರಿನಿಂದ.